ಬುಟ್ಟಿ ಮೇಲೆ ಐದು ಬೆರಳು

ಭೂಮಿ ಹುಣ್ಣಿಮೆಗೆ ಸಿಂಗರಿಸೋ ಭೂಮಣ್ಣಿ ಬುಟ್ಟಿ ಮೇಲೆ ಇವತ್ತು ಚಿತ್ತಾರಕ್ಕಿಂತ ಮೊದಲು ಪುಟ್ಟಿಯ ಐದು ಬೆರಳು ಮೂಡಿದ್ವು. ಕೆಮ್ಮಣ್ಣು ಇನ್ನೂ ಹಸಿ ಇತ್ತು.

ನಮ್ಮ ಮಲೆನಾಡಲ್ಲಿ ಈ ತಿಂಗಳ ಬಿಸಿಲನ್ನ ನಂಬೋ ಹಾಗಿಲ್ಲ. ಬೆಳಿಗ್ಗೆ ಮಂಜು, ಸಂಜೆ ಗುಡುಗು.
ಮೊದಲು ಸಗಣಿ ಒಂದು ಕೈ, ಮೇಲೆ ಕೆಮ್ಮಣ್ಣು ಎರಡು ಕೈ. ಒಂದು ಒಣಗದೆ ಇನ್ನೊಂದು ಬಳಿದ್ರೆ ಹಕ್ಕಳೆ ಏಳುತ್ತೆ.

ಬಿಳಿಗೆ ಅಕ್ಕಿ. ರಾತ್ರಿ ನೆನೆಸಿ ನುಣ್ಣಗೆ ಅರೆದದ್ದು, ದೋಸೆ ಹಿಟ್ಟಿಗಿಂತ ತುಸು ತೆಳು. ನೀರು ಜಾಸ್ತಿಯಾದ್ರೆ ಗೆರೆ ಇಳಿಯುತ್ತೆ, ಗಟ್ಟಿಯಾದ್ರೆ ಒಣಗಿದ ಮೇಲೆ ಉದುರುತ್ತೆ.
ಪುಂಡಿ ನಾರಿನ ಕುಂಚ ಮಕ್ಕಳ ಕೈಯಲ್ಲಿ ನಿಲ್ಲಲ್ಲ. ಗೆರೆ ದೊಡ್ಡೋರೇ ಎಳೀಬೇಕು. ಚುಕ್ಕಿಗೆ ಮಾತ್ರ ಅವರೇ ಸೈ! ತುದಿಗೆ ಹತ್ತಿ ಸುತ್ತಿದ ಕಡ್ಡಿ ಕೊಟ್ರೆ ಅರ್ಧ ಗಂಟೆ ಮನೆ ನಿಶ್ಶಬ್ದ.

ಅತ್ತ ಅಡಿಕೆ ಕೊಯ್ಲು. ಇತ್ತ ದಸರಾ ರಜೆ ಮುಗೀತಾ ಬಂತು, ಹೋಂವರ್ಕ್ ಮುಟ್ಟಿಲ್ಲ. ಹುಣ್ಣಿಮೆ ಕಳೆದು 15 ದಿನಕ್ಕೆ ದೀಪಾವಳಿ ಬೇರೆ.

ಬೆರಳಚ್ಚಿನ ಮೇಲೆ ಇನ್ನೊಂದು ಕೈ ಬಳಿಯೋಣ ಅಂತಿದ್ದೆ. ಬಿಟ್ಟೆ.
ತೆನೆ ಹೊತ್ತ ಗದ್ದೆಗೆ ಬಯಕೆ ಊಟ ಒಯ್ಯೋ ಬುಟ್ಟಿ ಅದು. ಬಸುರಿಯ ಬುತ್ತಿ ಮೇಲೆ ಒಂದು ಮಗುವಿನ ಕೈ, ಇರ್ಲಿ ಬಿಡಿ.