ಕೀ ಕೊಡುವ ಮೊದಲು ಕಾರ್ಡ್ ನೋಡಿ, ಮುಖವನ್ನೂ ನೋಡಿ

ಚಿಕ್ಕಮಗಳೂರು ಕಡೆ ನಮ್ಮ ತೋಟದ ಮನೆಯಲ್ಲಿ ಎರಡು ಕೋಣೆಗಳನ್ನು ಹೋಮ್‌ಸ್ಟೇಗೆ ಕೊಡುತ್ತೇವೆ. ಬುಕಿಂಗ್, ಅಡುಗೆ, ರಿಜಿಸ್ಟರ್ ಎಲ್ಲ ನನ್ನ ಪಾಲಿನ ಕೆಲಸ. ಹೊಸದಾಗಿ ಶುರು ಮಾಡುವವರು ಆಗಾಗ ಫೋನ್ ಮಾಡಿ ಕೇಳುತ್ತಾರೆ, ತಿಂಡಿಗೆ ಏನು ಮಾಡ್ತೀರಿ, ತಲೆಗೆ ಎಷ್ಟು ತಗೋತೀರಿ ಅಂತ. ಬಂದವರು ಯಾರು ಅಂತ ಹೇಗೆ ನೋಡ್ತೀರಿ ಎಂದು ಕೇಳುವವರು ಕಡಿಮೆ. ದೊಡ್ಡ ಹೋಟೆಲಿನಲ್ಲಾದರೆ ರಿಸೆಪ್ಷನ್ ಇದೆ, ಸೆಕ್ಯೂರಿಟಿ ಇದೆ. ನಮ್ಮಲ್ಲಿ ಅತಿಥಿಗಳ ಕೋಣೆಯ ಪಕ್ಕದ ಕೋಣೆಯಲ್ಲೇ ಅತ್ತೆ ಮಲಗುತ್ತಾರೆ, ಅತಿಥಿಗಳು ಊಟ ಮಾಡುವ ಜಗಲಿಯಲ್ಲೇ ಮಕ್ಕಳು ಓದುತ್ತಾರೆ. ಅದಕ್ಕೇ ಈ ಕೆಲಸದಲ್ಲಿ ನಾನು ಯಾವುದರಲ್ಲಿ ರಾಜಿಯಾದರೂ ಇದೊಂದರಲ್ಲಿ ಆಗುವುದಿಲ್ಲ.

ಮೊದಲ ವಿಷಯ, ವಾಟ್ಸಾಪ್‌ನಲ್ಲಿ ಆಧಾರ್ ಫೋಟೋ ತರಿಸಿಕೊಂಡರೆ ಪರಿಶೀಲನೆ ಆಗಲಿಲ್ಲ. ಆ ಕಾರ್ಡ್ ಯಾರದ್ದಾದರೂ ಇರಬಹುದು, ತಿದ್ದಿದ್ದೂ ಇರಬಹುದು. ಬುಕಿಂಗ್ ಆಪ್‌ನಲ್ಲಿ ಹೆಸರಿನ ಪಕ್ಕ ಹಸಿರು ಟಿಕ್ ಇದ್ದರೂ ಅಷ್ಟೇ, ಅದು ಬುಕ್ ಮಾಡಿದ ಒಬ್ಬರದ್ದು. ಕಾರಿನಿಂದ ಇಳಿಯುವವರು ನಾಲ್ಕು ಜನ, ಅಲ್ವಾ? ಎಷ್ಟೋ ಸಲ ಬುಕ್ ಮಾಡಿದವರು ಬಂದೇ ಇರುವುದಿಲ್ಲ, ಆಫೀಸಿನ ಗೆಳೆಯರಿಗೆ ಮಾಡಿ ಕೊಟ್ಟಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ರಿಜಿಸ್ಟರಿನಲ್ಲಿ ಇರಬೇಕಾದ್ದು ರಾತ್ರಿ ನಮ್ಮ ಮನೆಯಲ್ಲಿ ಮಲಗುವವರ ಹೆಸರು. ದೊಡ್ಡವರು ಎಷ್ಟು ಜನರಿದ್ದಾರೋ ಅಷ್ಟೂ ಜನರ ಕಾರ್ಡ್ ನೋಡುತ್ತೇನೆ. ಬ್ಯಾಗ್ ಒಳಗೆ ಹೋಗುವ ಮೊದಲೇ ನೋಡುತ್ತೇನೆ, ಯಾಕೆಂದರೆ ಸ್ನಾನ ಮುಗಿಸಿ ಕಾಫಿ ಕುಡಿದು ಕೂತವರನ್ನು ಎಬ್ಬಿಸಿ ಕಾರ್ಡ್ ಕೇಳುವುದು ಕಷ್ಟ.

ಆಧಾರ್ ಕೊಟ್ಟರೆ ಅದರ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಆಧಾರ್‌ನ ಅಧಿಕೃತ ಆಪ್‌ನಲ್ಲೇ ಮಾಡಿ, ಸಿಕ್ಕ ಸಿಕ್ಕ ಸ್ಕ್ಯಾನರ್ ಬೇಡ. ಕೋಡ್‌ಗೆ ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಡಿಜಿಟಲ್ ಸಹಿ ಇರುತ್ತದೆ. ಹಾಗಾಗಿ ಕಾರ್ಡಿನ ಮೇಲೆ ಹೆಸರನ್ನೋ ಹುಟ್ಟಿದ ದಿನವನ್ನೋ ಯಾರಾದರೂ ತಿದ್ದಿ ಪ್ರಿಂಟ್ ತೆಗೆಸಿದ್ದರೆ ಸ್ಕ್ಯಾನ್‌ನಲ್ಲಿ ಬರುವ ವಿವರ ಅದಕ್ಕೆ ಹೊಂದುವುದಿಲ್ಲ. ನಮ್ಮಂಥ ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಇದು ತುಂಬಾ ಅನುಕೂಲ, ಇಂಟರ್ನೆಟ್ ಇಲ್ಲದೆಯೂ ಓದುತ್ತದೆ. ಆಮೇಲೆ ಫೋಟೋ ನೋಡಿ, ಎದುರಿಗಿರುವ ಮುಖ ನೋಡಿ. ಆಧಾರ್ ಫೋಟೋ ಹಳೆಯದಾಗಿದ್ದು ಗುರುತೇ ಸಿಗದಿದ್ದರೆ ಇನ್ನೊಂದು ಕಾರ್ಡ್ ಕೇಳಿ. ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ಪಾಸ್‌ಪೋರ್ಟ್ ಯಾವುದಾದರೂ ಆಗುತ್ತದೆ. ಪ್ಯಾನ್ ಕಾರ್ಡ್ ಒಂದನ್ನೇ ನಾನು ಒಪ್ಪುವುದಿಲ್ಲ, ಅದರಲ್ಲಿ ವಿಳಾಸವೇ ಇಲ್ಲ. ದಾಖಲೆ ಇಟ್ಟುಕೊಳ್ಳುವ ಸರ್ಕಾರದ ಆಪ್ ಡಿಜಿಲಾಕರ್‌ನಲ್ಲಿ ಇದೆ ಅಂದರೆ ಧಾರಾಳವಾಗಿ ಒಪ್ಪಿಕೊಳ್ಳಿ, ಆದರೆ ಆಪ್ ಅನ್ನು ನಿಮ್ಮೆದುರೇ ತೆರೆದು ತೋರಿಸಲಿ. ಗ್ಯಾಲರಿಯಲ್ಲಿರುವ ಸ್ಕ್ರೀನ್‌ಶಾಟ್ ಆಗುವುದಿಲ್ಲ.

ಕೇಳುವ ರೀತಿಯೂ ಮುಖ್ಯ. "ಏನು ಆಂಟಿ, ನಮ್ಮನ್ನ ನೋಡಿದ್ರೆ ನಂಬಿಕೆ ಬರಲ್ವಾ?" ಅಂತ ಒಬ್ಬ ಹುಡುಗ ಸ್ವಲ್ಪ ಬೇಜಾರಿನಿಂದಲೇ ಕೇಳಿದ್ದ. "ನಂಬಿಕೆ ಪ್ರಶ್ನೆ ಅಲ್ಲಪ್ಪ, ಕಳೆದ ವಾರ ನಿವೃತ್ತ ಹೆಡ್‌ಮಾಸ್ಟರ್ ಬಂದಿದ್ರು, ಅವರದ್ದೂ ನೋಡಿದೀನಿ" ಅಂದೆ. ನಕ್ಕು ಪರ್ಸ್ ತೆಗೆದ. ಒಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಕೇಳಿದರೆ ಮಾತ್ರ ಅದು ಅವಮಾನ. ಬುಕಿಂಗ್ ಖಚಿತವಾದ ದಿನವೇ, ಎಲ್ಲರೂ ಮೂಲ ಕಾರ್ಡ್ ತರಬೇಕು, ಇಲ್ಲದಿದ್ದರೆ ಕೋಣೆ ಕೊಡಲಾಗುವುದಿಲ್ಲ ಅಂತ ಮೆಸೇಜ್ ಹಾಕಿಬಿಡುತ್ತೇನೆ. ಆ ಮೆಸೇಜ್ ನೋಡಿ ಕೆಲವರು ಬುಕಿಂಗ್ ರದ್ದು ಮಾಡುತ್ತಾರೆ. ಮಾಡಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗುರುತು ನೋಡುವುದು ಬೇರೆ, ಜನರನ್ನು ತೂಗುವುದು ಬೇರೆ. ಹದಿನೆಂಟು ದಾಟಿದ ಇಬ್ಬರು ಬಂದರೆ, ಇಬ್ಬರ ಕಾರ್ಡೂ ಸರಿ ಇದ್ದರೆ, ನೀವು ಗಂಡ ಹೆಂಡತಿನಾ ಅಂತ ನಾನು ಕೇಳುವುದಿಲ್ಲ. ಮದುವೆಯಾಗದವರಿಗೆ ಕೋಣೆ ಕೊಡಬಾರದು ಎನ್ನುವ ಕಾನೂನು ಇಲ್ಲ. ಹೆಸರು ನೋಡಿ ಜಾತಿ, ಧರ್ಮ ಲೆಕ್ಕ ಹಾಕಿ "ಕೋಣೆ ಖಾಲಿ ಇಲ್ಲ" ಅನ್ನುವವರನ್ನೂ ಕಂಡಿದ್ದೇನೆ, ನನಗದು ಸಹಿಸುವುದಿಲ್ಲ. ಆದರೆ ಹದಿನೆಂಟು ತುಂಬದ ಮಕ್ಕಳು ದೊಡ್ಡವರಿಲ್ಲದೆ ಬಂದರೆ ಖಂಡಿತ ಕೊಡುವುದಿಲ್ಲ. ಅವರ ಮನೆಗೆ ಫೋನ್ ಮಾಡಿಸುತ್ತೇನೆ.

ರಿಜಿಸ್ಟರ್ ಇರುವುದು ಬರೀ ಪೊಲೀಸರಿಗೆ ತೋರಿಸೋಕೆ ಅಂದುಕೊಂಡವರೇ ಜಾಸ್ತಿ. ಒಮ್ಮೆ ಮಳೆಗಾಲದ ರಾತ್ರಿ, ಒಬ್ಬರೇ ಬಂದಿದ್ದ ವಯಸ್ಸಾದ ಅತಿಥಿಗೆ ಉಸಿರಾಟದ ತೊಂದರೆ ಶುರುವಾಯಿತು. ಯಜಮಾನರು ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಹೆಸರು, ವಯಸ್ಸು, ಮನೆಯವರು ಯಾರು ಅಂತ ಕೇಳಿದಾಗ ಹೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ರಿಜಿಸ್ಟರಿನಲ್ಲಿ ಮಗಳ ನಂಬರ್ ಇತ್ತು. ನಾನು ಪ್ರತಿಯೊಬ್ಬರ ಹತ್ತಿರವೂ ಜೊತೆಗೆ ಬಾರದ ಮನೆಯವರೊಬ್ಬರ ನಂಬರ್ ಬರೆಸುತ್ತೇನೆ. ಹೆಸರು, ವಿಳಾಸ, ಗಾಡಿ ನಂಬರ್, ಎಲ್ಲಿಂದ ಬಂದಿರಿ, ಮುಂದೆ ಎಲ್ಲಿಗೆ ಎನ್ನುವುದನ್ನೂ ಅವರ ಕೈಯಲ್ಲೇ ಬರೆಸಿ ಸಹಿ ಹಾಕಿಸುತ್ತೇನೆ. ಅವರ ಫೋನಿಗೆ ಅಲ್ಲೇ ಒಂದು ಮಿಸ್ ಕಾಲ್ ಕೊಟ್ಟರೆ ನಂಬರ್ ಸರಿಯೋ ಅಂತಲೂ ಗೊತ್ತಾಗುತ್ತದೆ.

ಇನ್ನು ಪ್ರತಿಗಳ ವಿಷಯ. ಜನ ನಮ್ಮ ಮೇಲೆ ನಂಬಿಕೆ ಇಟ್ಟು ಕಾರ್ಡ್ ಕೊಡುತ್ತಾರೆ. ಅದನ್ನು ಫೋನ್ ಗ್ಯಾಲರಿಯಲ್ಲಿ ಮಕ್ಕಳ ಫೋಟೋ ಜೊತೆ ಬಿಟ್ಟುಕೊಂಡಿರುವುದು, ಅಡುಗೆಗೆ ಬರುವವರಿಗೂ ಡ್ರೈವರಿಗೂ ಫಾರ್ವರ್ಡ್ ಮಾಡುವುದು ದೊಡ್ಡ ತಪ್ಪು. ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ. ಪ್ರತಿ ಬೇಕಾದರೆ ಮಾಸ್ಕ್ಡ್ ಆಧಾರ್ ಸಾಕು, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ನಾನು ಅದರ ಮೇಲೆ ಅಡ್ಡಲಾಗಿ "ಹೋಮ್‌ಸ್ಟೇ ವಾಸ್ತವ್ಯಕ್ಕೆ ಮಾತ್ರ" ಅಂತ ತಾರೀಖು ಹಾಕಿ ಬರೆಸುತ್ತೇನೆ, ಕಾಗದಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇನೆ. ನಿಮ್ಮ ಠಾಣೆಯವರಿಗೆ ಏನೇನು ವಿವರ ಬೇಕು ಅಂತ ಒಮ್ಮೆ ಹೋಗಿ ಕೇಳಿಕೊಂಡು ಬನ್ನಿ, ಅಷ್ಟನ್ನೇ ಇಟ್ಟುಕೊಳ್ಳಿ.

ವಿದೇಶಿಯರು ಬಂದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಪಾಸ್‌ಪೋರ್ಟ್, ವೀಸಾ, ಏರ್‌ಪೋರ್ಟಿನಲ್ಲಿ ಹಾಕಿದ ಮುದ್ರೆ ಮೂರನ್ನೂ ನೋಡಬೇಕು. ಇ-ವೀಸಾದವರ ಹತ್ತಿರ ಅನುಮತಿಯ ಪ್ರಿಂಟ್ ಇರುತ್ತದೆ. ಅವರು ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒ ವೆಬ್‌ಸೈಟಿನಲ್ಲಿ ವಿವರ ತುಂಬಬೇಕು, ನಾವೆಲ್ಲ ಫಾರ್ಮ್ ಸಿ ಅನ್ನುವುದು ಇದನ್ನೇ. ಅಮೆರಿಕದಿಂದ ಬಂದ ನಮ್ಮ ಕನ್ನಡದವರೇ ಆದರೂ, ಅಚ್ಚುಕಟ್ಟಾಗಿ ಕನ್ನಡ ಮಾತಾಡಿದರೂ, ಕೈಯಲ್ಲಿರುವುದು ಅಮೆರಿಕದ ಪಾಸ್‌ಪೋರ್ಟ್ ಮತ್ತು ಒಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಆಗಿದ್ದರೆ ಫಾರ್ಮ್ ತುಂಬಲೇಬೇಕು. ಫಾರ್ಮ್ ತುಂಬಲು ಆ ವೆಬ್‌ಸೈಟಿನಲ್ಲಿ ಹೋಮ್‌ಸ್ಟೇ ಹೆಸರಿನಲ್ಲಿ ಮೊದಲೇ ಅಕೌಂಟ್ ಮಾಡಿಸಿ ಎಫ್‌ಆರ್‌ಆರ್‌ಒದವರ ಒಪ್ಪಿಗೆ ಪಡೆದಿರಬೇಕು. ಅತಿಥಿ ಗೇಟಿಗೆ ಬಂದ ಮೇಲೆ ಅರ್ಜಿ ಹಾಕಿದರೆ ಒಪ್ಪಿಗೆ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ, ಹಾಗಾಗಿ ಕೋಣೆಗೆ ಬಣ್ಣ ಹೊಡೆಸುವ ಹೊತ್ತಿಗೇ ಈ ಕೆಲಸವನ್ನೂ ಮುಗಿಸಿಟ್ಟುಕೊಳ್ಳಿ.