ಪೇಪರ್ ಒಪ್ಪಿತವಾಯಿತು, ಬಿಲ್ಲು ಯಾರ ಹೆಗಲಿಗೆ?

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಗ್ರಂಥಾಲಯದ ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, "ಮೇಡಂ, ಪೇಪರ್ ಆಕ್ಸೆಪ್ಟ್ ಆಗಿದೆ, ಆದರೆ ಇದನ್ನು ಯಾರು ಕಟ್ಟಬೇಕು?" ಎಂದು ಕೇಳಿದಳು. ಪರದೆಯ ಮೇಲಿದ್ದದ್ದು 2,490 ಡಾಲರಿನ ಬಿಲ್ಲು. ಡಾಲರಿಗೆ 85 ರೂಪಾಯಿಯಂತೆ ಗುಣಿಸಿ, ಶೇಕಡಾ 18ರ ಜಿಎಸ್‌ಟಿ ಕೂಡಿಸಿದರೆ ಎರಡೂವರೆ ಲಕ್ಷಕ್ಕೆ ಕೆಲವೇ ನೂರು ರೂಪಾಯಿ ಕಡಿಮೆ. ಅವಳಿಗೆ ಸಿಗುವ ಸೀನಿಯರ್ ಫೆಲೋಶಿಪ್ ತಿಂಗಳಿಗೆ 42,000 ರೂಪಾಯಿ, ಇತರೆ ಖರ್ಚಿಗೆಂದು ಕೊಡುವ ವರ್ಷದ ಕಂಟಿಂಜೆನ್ಸಿ 20,000. ಆರು ತಿಂಗಳು ಊಟ, ಬಾಡಿಗೆ ಎಲ್ಲವನ್ನೂ ಬಿಟ್ಟು ಕೂಡಿಟ್ಟರೆ ಒಂದು ಪೇಪರಿನ ಬಿಲ್ಲು ತೀರುತ್ತದೆ ಎಂದು ಇಬ್ಬರೂ ನಕ್ಕೆವು. ನಗುವ ಮಾತೇನೂ ಆಗಿರಲಿಲ್ಲ.

ಈ ಶುಲ್ಕಕ್ಕೆ ನಮ್ಮ ವಲಯದಲ್ಲಿ ಎಪಿಸಿ (ಆರ್ಟಿಕಲ್ ಪ್ರೊಸೆಸಿಂಗ್ ಚಾರ್ಜ್) ಎನ್ನುತ್ತಾರೆ. ಓದುಗರಿಂದ ಚಂದಾ ಪಡೆಯುವ ಬದಲು ಬರೆದವರಿಂದಲೇ ಪ್ರಕಟಣೆಯ ವೆಚ್ಚ ವಸೂಲು ಮಾಡಿ, ಲೇಖನವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುವ ವ್ಯವಸ್ಥೆ ಇದು. 2002ರ ಬುಡಾಪೆಸ್ಟ್ ಘೋಷಣೆ ಮುಕ್ತ ಪ್ರವೇಶದ ಮಾತನ್ನು ಎತ್ತಿದಾಗ ಓದುಗನ ಮುಂದಿನ ಬೇಲಿ ಕೀಳುವುದೇ ಅದರ ಆಶಯವಾಗಿತ್ತು. ಎಪಿಸಿ ಹರಡಿದಂತೆ ಆ ಬೇಲಿ ಕಿತ್ತು ಹೋಗಲಿಲ್ಲ, ಲೇಖಕನ ಮನೆಯಂಗಳಕ್ಕೆ ಬಂದು ನಿಂತಿತು. 2021ರಲ್ಲಿ ನೇಚರ್ ಪತ್ರಿಕೆ ಒಂದು ಪ್ರಬಂಧವನ್ನು ಮುಕ್ತವಾಗಿ ಪ್ರಕಟಿಸಲು ಗೊತ್ತುಮಾಡಿದ ದರ 9,500 ಯೂರೋ.

ಲೇಖಕರ ಈ ಹೊರೆಯನ್ನು ಹಂಚಿಕೊಳ್ಳಲು ಮೊದಲು ಮುಂದೆ ಬಂದವುಗಳಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿದ್ದವು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2008ರಲ್ಲಿ ಇಂಥದೊಂದು ನಿಧಿಯನ್ನು ತೆರೆಯಿತು. ಮರುವರ್ಷ ಕಾರ್ನೆಲ್, ಡಾರ್ಟ್‌ಮತ್, ಹಾರ್ವರ್ಡ್, ಎಂಐಟಿ ಮತ್ತು ಬರ್ಕ್ಲಿ ಸೇರಿ, ಚಂದಾ ಪತ್ರಿಕೆಗಳಿಗೆ ಕೊಡುವ ಬೆಂಬಲವನ್ನು ಶುಲ್ಕ ಪಡೆಯುವ ಮುಕ್ತ ಪತ್ರಿಕೆಗಳಿಗೂ ಕೊಡಬೇಕೆಂಬ ಒಡಂಬಡಿಕೆಗೆ ಬಂದವು. ಇಂಥ ನಿಧಿಗಳ ಅರ್ಜಿ ನಮೂನೆಯನ್ನು ಗಮನವಿಟ್ಟು ಓದಿದರೆ ಅದರ ಹಿಂದಿನ ಯೋಚನೆ ತಿಳಿಯುತ್ತದೆ. ಲೇಖಕರಿಗೆ ಸಂಶೋಧನಾ ಅನುದಾನವಿದ್ದರೆ ಮೊದಲು ಅದರಿಂದಲೇ ಕಟ್ಟಬೇಕು, ನಿಧಿ ಕೊನೆಯ ಆಸರೆ ಮಾತ್ರ. ಕೊಡುವ ಹಣಕ್ಕೆ ಮೇಲ್ಮಿತಿಯಿರುತ್ತದೆ. ಮತ್ತು ಬಹುತೇಕ ಕಡೆ ಹೈಬ್ರಿಡ್ ಪತ್ರಿಕೆಗೆ ಕಾಸು ಬಿಚ್ಚುವುದಿಲ್ಲ. ಹೈಬ್ರಿಡ್ ಎಂದರೆ ಚಂದಾ ಪತ್ರಿಕೆಯಾಗಿಯೇ ಉಳಿದು, ದುಡ್ಡು ಕೊಟ್ಟವರ ಲೇಖನವನ್ನು ಮಾತ್ರ ತೆರೆದಿಡುವಂಥದ್ದು. ಗ್ರಂಥಾಲಯ ಅದಕ್ಕೆ ಆಗಲೇ ಚಂದಾ ಕಟ್ಟಿರುವಾಗ ಲೇಖಕನ ಹೆಸರಿನಲ್ಲಿ ಮತ್ತೆ ಕಟ್ಟುವುದು ಒಂದೇ ಪ್ರಯಾಣಕ್ಕೆ ಎರಡು ಟಿಕೆಟ್ ತೆಗೆದ ಹಾಗೆ. ಜರ್ಮನಿಯ ಸಂಶೋಧನಾ ಪ್ರತಿಷ್ಠಾನ ಡಿಎಫ್‌ಜಿ ವಿಶ್ವವಿದ್ಯಾಲಯಗಳ ನಿಧಿಗೆ ನೆರವು ಕೊಟ್ಟಾಗಲೂ ಲೇಖನವೊಂದಕ್ಕೆ 2,000 ಯೂರೋ ಮಿತಿ ಹಾಕಿ, ಹೈಬ್ರಿಡ್ ಪತ್ರಿಕೆಗಳನ್ನು ಹೊರಗಿಟ್ಟಿತ್ತು. ಈ ಷರತ್ತುಗಳು ಜಿಪುಣತನದಿಂದ ಹುಟ್ಟಿದವಲ್ಲ. ಕೇಳಿದಷ್ಟು ಕೊಡುವವರಿದ್ದರೆ ಪ್ರಕಾಶಕರು ಕೇಳುವುದನ್ನು ಎಂದೂ ನಿಲ್ಲಿಸುವುದಿಲ್ಲ ಎಂಬ ಎಚ್ಚರದಿಂದ ಹುಟ್ಟಿದವು.

ಮುಂದಿನ ಹಂತದಲ್ಲಿ ಸಂಸ್ಥೆಗಳು ಬಿಡಿ ಬಿಲ್ಲುಗಳ ಗೋಜಲನ್ನು ಬಿಟ್ಟು, ಓದುವ ಹಕ್ಕು ಮತ್ತು ಪ್ರಕಟಿಸುವ ಹಕ್ಕು ಎರಡನ್ನೂ ಸೇರಿಸಿ ಪ್ರಕಾಶಕರೊಡನೆ ಸಗಟು ಒಪ್ಪಂದಕ್ಕೆ ಇಳಿದವು. 2019ರಲ್ಲಿ ಜರ್ಮನಿಯ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಡೀಲ್ ಒಕ್ಕೂಟ ವೈಲಿ ಪ್ರಕಾಶನ ಸಂಸ್ಥೆಯೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ, ಹೈಬ್ರಿಡ್ ಪತ್ರಿಕೆಯ ಲೇಖನವೊಂದಕ್ಕೆ 2,750 ಯೂರೋ ಎಂದು ನಿಗದಿಯಾಯಿತು. ಅದೇ ವರ್ಷ ಪ್ರಕಾಶನ ಸಂಸ್ಥೆ ಎಲ್ಸ್‌ವಿಯರ್‌ನೊಂದಿಗಿನ ನಂಟನ್ನು ಕಡಿದುಕೊಂಡಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2021ರಲ್ಲಿ ಮತ್ತೆ ಕೈಕುಲುಕಿದಾಗ ರೂಪಿಸಿದ ಕ್ರಮ ನನಗೆ ಹೆಚ್ಚು ಹಿಡಿಸುತ್ತದೆ: ಶುಲ್ಕದ ಮೊದಲ 1,000 ಡಾಲರನ್ನು ಗ್ರಂಥಾಲಯ ಕಟ್ಟುತ್ತದೆ, ಅನುದಾನವಿರುವ ಲೇಖಕರು ಉಳಿದದ್ದನ್ನು ಕಟ್ಟುತ್ತಾರೆ, ಅನುದಾನವಿಲ್ಲದವರ ಪಾಲನ್ನೂ ಗ್ರಂಥಾಲಯವೇ ವಹಿಸಿಕೊಳ್ಳುತ್ತದೆ. ಬೆಲೆ ಎಷ್ಟೆಂಬುದು ಲೇಖಕರ ಕಣ್ಣಿಗೂ ಬೀಳುತ್ತದೆ, ಬಡ ವಿಭಾಗದವರು ಹೊರಗೆ ಉಳಿಯುವುದೂ ಇಲ್ಲ.

ಇಂಥ ಒಪ್ಪಂದಗಳಲ್ಲಿ ಒಂದು ಸೂಕ್ಷ್ಮವಿದೆ. ಶುಲ್ಕ ಯಾರ ಲೆಕ್ಕಕ್ಕೆ ಬೀಳುತ್ತದೆ ಎಂಬುದನ್ನು ತೀರ್ಮಾನಿಸುವುದು ಕರೆಸ್ಪಾಂಡಿಂಗ್ ಆಥರ್, ಅಂದರೆ ಪತ್ರಿಕೆಯೊಡನೆ ಪತ್ರವ್ಯವಹಾರ ನಡೆಸುವ ಲೇಖಕರು, ಯಾವ ಸಂಸ್ಥೆಯವರು ಎಂಬ ಒಂದೇ ಅಂಶ. ಪ್ರಯೋಗವೆಲ್ಲ ಬೆಂಗಳೂರಿನಲ್ಲಿ ನಡೆದು, ಜರ್ಮನಿಯ ಸಹಲೇಖಕರು ವಿಶ್ಲೇಷಣೆಯಲ್ಲಷ್ಟೇ ಕೈಜೋಡಿಸಿದ್ದರೂ, ಅವರ ಹೆಸರಿನ ಮುಂದೆ ಆ ಪುಟ್ಟ ನಕ್ಷತ್ರ ಚಿಹ್ನೆ ಬಿದ್ದರೆ ಬಿಲ್ಲು ತಾನಾಗಿ ಅಲ್ಲಿಗೆ ಹೋಗುತ್ತದೆ. ಬಡ್ತಿಯ ಸಂದರ್ಶನದಲ್ಲಿ ಅದೇ ನಕ್ಷತ್ರವನ್ನು ಎಣಿಸುತ್ತಾರೆ ಎಂಬುದು ಗೊತ್ತಿದ್ದೂ ಅದನ್ನು ಬಿಟ್ಟುಕೊಟ್ಟವರನ್ನು ನಾನು ಕಂಡಿದ್ದೇನೆ. ಇದನ್ನು ನೆರವು ಎನ್ನಬೇಕೋ ಒತ್ತೆ ಎನ್ನಬೇಕೋ ನನಗೆ ತೋಚುವುದಿಲ್ಲ.

ರಿಯಾಯಿತಿಯ ದಾರಿಯೂ ನಮಗೆ ಅಷ್ಟಾಗಿ ತೆರೆದಿಲ್ಲ. ಬಡ ದೇಶಗಳ ಲೇಖಕರಿಗೆ ಶುಲ್ಕ ಮನ್ನಾ ಮಾಡುವ ಪ್ರಕಾಶಕರಲ್ಲಿ ಹಲವರು, ಅಂಥ ದೇಶಗಳಿಗೆ ಪತ್ರಿಕೆಗಳನ್ನು ಉಚಿತವಾಗಿ ಇಲ್ಲವೆ ಅಗ್ಗವಾಗಿ ಒದಗಿಸುವ ರಿಸರ್ಚ್‌4ಲೈಫ್ ಯೋಜನೆಯ ಪಟ್ಟಿಯನ್ನು ನೋಡುತ್ತಾರೆ, ಅದರಲ್ಲಿ ಭಾರತವಿಲ್ಲ. ತಲಾ ಆದಾಯದಲ್ಲಿ ನಾವು ಕೆಳ ಮಧ್ಯಮ ವರ್ಗದ ದೇಶವಾದರೂ ಒಟ್ಟು ಆರ್ಥಿಕತೆಯ ಗಾತ್ರ ದೊಡ್ಡದು. ದೊಡ್ಡ ಮನೆತನದ ಬಡ ಸೊಸೆಯ ಪಾಡು ನಮ್ಮದು.

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ, ಸರ್ಕಾರಿ ವಿದ್ಯಾಸಂಸ್ಥೆಗಳಿಗೆಲ್ಲ ಒಟ್ಟಾಗಿ ಪತ್ರಿಕೆಗಳ ಚಂದಾ ಕಟ್ಟುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯ ಸುದ್ದಿ ಬಂದಾಗ ಎಲ್ಲರೂ ಮೂರು ವರ್ಷಕ್ಕೆ 6,000 ಕೋಟಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು ಎಂಬ ಅಂಕಿಗಳನ್ನೇ ಆಡಿಕೊಂಡರು. ಅದರೊಳಗೆ ಲೇಖಕರ ಪ್ರಕಟಣಾ ಶುಲ್ಕಕ್ಕೆಂದು ವರ್ಷಕ್ಕೆ 150 ಕೋಟಿಯವರೆಗೆ ನೆರವಿನ ಪ್ರಸ್ತಾಪವೂ ಇದೆ, ಆಯ್ದ ಒಳ್ಳೆಯ ಮುಕ್ತ ಪತ್ರಿಕೆಗಳಿಗೆ ಮಾತ್ರ. ನನ್ನ ಮೇಜಿಗೆ ಬಂದ ಬಿಲ್ಲಿನ ದರದಲ್ಲಿ ಭಾಗಿಸಿದರೆ ಅದು 6,000 ಪ್ರಬಂಧಗಳಿಗೆ ಸಾಲುತ್ತದೆ. ವರ್ಷಕ್ಕೆ ಲಕ್ಷಕ್ಕೂ ಮೀರಿ ಪ್ರಬಂಧ ಬರೆಯುವ ದೇಶದಲ್ಲಿ ಆ ಹಣ ಯಾವ ಕ್ರಮದಲ್ಲಿ, ಯಾರಿಗೆ ಎಂಬುದೇ ಮುಖ್ಯವಾಗುತ್ತದೆ. ಮೊದಲು ಅರ್ಜಿ ಹಾಕಿದವರಿಗೆ ಎಂದಾದರೆ, ಅರ್ಜಿ ತುಂಬಲು ಸಿಬ್ಬಂದಿಯಿರುವ ದೊಡ್ಡ ಸಂಸ್ಥೆಗಳೇ ಗೆಲ್ಲುತ್ತವೆ. ಜಿಲ್ಲಾ ಕೇಂದ್ರದ ಕಾಲೇಜಿನ ಅಧ್ಯಾಪಕರಿಗೆ ಸುದ್ದಿ ತಲುಪುವಷ್ಟರಲ್ಲಿ ವರ್ಷದ ಪಾಲು ಮುಗಿದಿರುತ್ತದೆ.

ಹಣವೇ ಬೇಡದ ದಾರಿಗಳು ನಮ್ಮ ಊರಿನಲ್ಲೇ ಇವೆ ಎಂಬುದನ್ನು ಹೇಳದೆ ಇರಲಾರೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸದಾಶಿವನಗರದ ತನ್ನ ಕಚೇರಿಯಿಂದ ಹೊರತರುವ ಪತ್ರಿಕೆಗಳು ಲೇಖಕರಿಗೆ ಈ ಬಗೆಯ ಬಿಲ್ಲು ಕಳಿಸದೆ, ಲೇಖನಗಳನ್ನು ತಮ್ಮ ಜಾಲತಾಣದಲ್ಲಿ ಓದಲು ಇಟ್ಟಿವೆ. ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ತನ್ನವರ ಪ್ರಬಂಧಗಳ ಪ್ರತಿಗಳನ್ನು ಜಾಲದಲ್ಲಿ ಇಡುವ ಈ-ಪ್ರಿಂಟ್ಸ್ ಭಂಡಾರ ತೆರೆದಿತ್ತು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ಹಾಗೂ ತಂತ್ರಜ್ಞಾನ ಇಲಾಖೆಗಳು 2014ರ ಡಿಸೆಂಬರಿನಲ್ಲಿ ಹೊರಡಿಸಿದ ನೀತಿ, ತಮ್ಮ ಹಣದಿಂದ ನಡೆದ ಸಂಶೋಧನೆಯ ಅಂತಿಮ ಹಸ್ತಪ್ರತಿಯನ್ನು ಭಂಡಾರದಲ್ಲಿ ಇಡಬೇಕೆನ್ನುತ್ತದೆ. ಇದಕ್ಕೆ ಲೇಖಕರು ಒಂದು ಪೈಸೆಯನ್ನೂ ಕೊಡಬೇಕಿಲ್ಲ, ಫೈಲನ್ನು ನಮಗೆ ಕಳಿಸಿದರೆ ಸಾಕು. ಅದನ್ನು ಕಳಿಸಿಕೊಳ್ಳುವುದೇ ನನ್ನ ವೃತ್ತಿಯ ಅರ್ಧ ಕಷ್ಟ; ಮುದ್ರಿತ ಪಿಡಿಎಫ್ ಎಲ್ಲರ ಬಳಿಯೂ ಇರುತ್ತದೆ, ಒಪ್ಪಿತವಾದ ವರ್ಡ್ ಫೈಲು ಮಾತ್ರ ಯಾರಿಗೂ ಸಿಗುವುದಿಲ್ಲ.

ಮತ್ತೆ ಆ ಬಿಲ್ಲಿಗೆ ಬರುತ್ತೇನೆ. ನಮ್ಮ ಸಂಸ್ಥೆಯಲ್ಲೂ ಒಂದು ಸಣ್ಣ ನಿಧಿಯಿದೆ. ಆದರೆ ಪತ್ರಿಕೆಗೆ ಕಳಿಸುವ ಮುನ್ನವೇ ಅನುಮತಿ ಪಡೆದಿರಬೇಕು, ಪತ್ರಿಕೆ ಹೈಬ್ರಿಡ್ ಆಗಿರಕೂಡದು. ಅವಳ ಅರ್ಜಿ ಎರಡೂ ಷರತ್ತುಗಳಲ್ಲಿ ಸೋತಿತು. ನಿಯಮ ಸರಿಯೇ, ಅದು ಅವಳಿಗೆ ತಿಳಿದ ಗಳಿಗೆ ಮಾತ್ರ ತಪ್ಪು. ಅದನ್ನು ಮೊದಲೇ ಹೇಳದ ದೋಷ ನಮ್ಮದು. ಒಪ್ಪಿಗೆಯ ನಂತರ ತುಂಬಿದ ಫಾರ್ಮನ್ನು ಇಬ್ಬರೂ ಕೂತು ಮತ್ತೆ ನೋಡಿದಾಗ ವಿಷಯ ಹೊರಬಿತ್ತು: ಪರವಾನಗಿಯ ಪುಟದಲ್ಲಿ ಎರಡು ಆಯ್ಕೆಗಳಿದ್ದವು, ಮುಕ್ತ ಪ್ರವೇಶದ್ದು ಮೇಲೆ, ಯಾವ ಶುಲ್ಕವೂ ಇಲ್ಲದ ಚಂದಾ ಆಯ್ಕೆ ಕೆಳಗೆ ಸಣ್ಣಕ್ಷರದಲ್ಲಿ. ಅವಳು ಮೇಲಿನದನ್ನು ಒತ್ತಿದ್ದಳು. ಮೂರು ಇ-ಮೇಲ್‌ಗಳಾದ ಮೇಲೆ ಪ್ರಕಾಶಕರು ಬಿಲ್ಲು ರದ್ದು ಮಾಡಿದರು, ಲೇಖನ ಚಂದಾ ವಿಭಾಗದಲ್ಲಿ ಅಚ್ಚಾಯಿತು. ಈಗ ಹೊಸ ವಿದ್ಯಾರ್ಥಿಗಳ ಮೊದಲ ವಾರದಲ್ಲೇ ಆ ಪುಟದ ಚಿತ್ರವನ್ನು ಪರದೆಗೆ ಹಾಕಿ ತೋರಿಸುತ್ತೇನೆ. ಅವಳ ಹಸ್ತಪ್ರತಿಯ ವರ್ಡ್ ಫೈಲು ನಮ್ಮ ಭಂಡಾರದಲ್ಲಿ ಬೀಗ ಹಾಕಿಕೊಂಡು ಕೂತಿದೆ. ಅದನ್ನು ತೆರೆದಿಡಕೂಡದೆಂಬ ಪ್ರಕಾಶಕರ ಹನ್ನೆರಡು ತಿಂಗಳ ನಿರ್ಬಂಧ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತಿಟ್ಟಿದ್ದೇನೆ.