ಕ್ಯಾಲೆಂಡರಿನ ಕೆಂಪು ಸುತ್ತು

ಇವತ್ತು ಅಣ್ಣನ ಮನೆಗೆ ಹೋಗಿದ್ದೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಭಾನುವಾರ, ಬುಧವಾರಕ್ಕೆಲ್ಲ ಕೆಂಪು ಪೆನ್ನಿನ ಸುತ್ತು. ಹಾಲಿನ ಲೆಕ್ಕ ಅಂದುಕೊಂಡೆ.

"ಅಲ್ಲ ಕಣೇ, ಛಾಯಾ ಮಾತ್ರೆ. ಆಶಾ ಕಾರ್ಯಕರ್ತೆ ಅಕ್ಕ ಕೊಟ್ಟರು" ಅಂದರು ಅತ್ತಿಗೆ. ಬಸುರಾಗದಂತೆ ತಡೆಯೋ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ.

ಹಾರ್ಮೋನು ಇಲ್ಲದ ಮಾತ್ರೆ ಇದು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ವರ್ಷಗಟ್ಟಲೆ ದುಡಿದು ಕಂಡುಹಿಡಿದದ್ದು. 1991ರಲ್ಲೇ ಸಹೇಲಿ ಅನ್ನೋ ಹೆಸರಲ್ಲಿ ಅಂಗಡಿಗೆ ಬಂದಿತ್ತು. ಆಶಾ ಅಕ್ಕನ ಚೀಲ ಸೇರೋಕೆ ಮತ್ತೆ ಹತ್ತಿರ ಹತ್ತಿರ 25 ವರ್ಷ ಹಿಡಿಯಿತು. ಅಷ್ಟರಲ್ಲಿ ಎಷ್ಟು ಹೆಂಗಸರಿಗೆ ಬೇಕಿತ್ತೋ, ಅಲ್ವಾ?

ಅಮ್ಮನ ಕಾಲದವರಿಗೆ ಗೊತ್ತಿದ್ದದ್ದು ಆಪರೇಷನ್ ಒಂದೇ. ಈಗಲೂ ಅಷ್ಟೇನೂ ಬದಲಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 38 ಮಂದಿಗೆ ಆಪರೇಷನ್ ಆಗಿದೆ. ಗಂಡಸರ ಲೆಕ್ಕ ನೂರಕ್ಕೆ ಒಂದೂ ಇಲ್ಲ. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಹೊರಡುವಾಗ ಮತ್ತೆ ಆ ಸುತ್ತುಗಳನ್ನೇ ನೋಡಿದೆ. ಮುಂದಿನ ತಿಂಗಳಿಗೂ ಆಗಲೇ ಹಾಕಿಟ್ಟಿದ್ದಾರೆ. ಹಾಕಿದ್ದು ಅಣ್ಣನಂತೆ.